ಊಜಿ ನೊಣವೂ ಹುಳುಮನೆಯ ಹೊಸ್ತಿಲೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಕೃಷಿಕರ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಯಿತು. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಶಾಸ್ತ್ರವನ್ನೂ ಹೇಳಿಕೊಡುತ್ತ ಕಾಲ ಕಳೆದ ನನ್ನಂಥವನಿಂದ ತಾವು ಶಾಸ್ತ್ರವಿಷಯವನ್ನೇ ನಿರೀಕ್ಷಿಸಿರುವುದು ಸಹಜವಾಗಿದೆ. ಆದರೆ ನಾನು ಇಂದು ಮಾತನಾಡಬೇಕೆಂದಿರುವುದು ಒಂದು ನೊಣದ ವಿಷಯವನ್ನು ಕುರಿತು. ಇದು ಸಭಾಮರ್ಯಾದೆಗೆ ತಕ್ಕುದಲ್ಲವೆಂದು ಯಾರಿಗಾದರೂ ತೋರಿದಲ್ಲಿ ಕ್ಷಮಿಸಬೇಕು. ಈ ಮಠದ ದಾಸೋಹದ ಒಲೆಯು ಉರಿಯುತ್ತಿರುವುದು ತಮ್ಮ ಹೊಲಮನೆಗಳ ದುಡಿಮೆಯಿಂದ. ಆ ದುಡಿಮೆಗೆ ಕುತ್ತು ತರುವ ನೊಣವು ಮಠದ ವಿಚಾರಕ್ಕೆ ಹೊರಗಿನದೆಂದು ನನಗೆ ತೋರುವುದಿಲ್ಲ. ಮೇಲಾಗಿ ಈ ನೊಣದ ಸಂಬಂಧವಾಗಿ ನಮ್ಮ ಮನೆತನದ ಮೇಲೆ ಒಂದು ಹಳೆಯ ಋಣವುಂಟು. ಅದನ್ನು ಈ ಸಭೆಯಲ್ಲಿ ಒಪ್ಪಿಸಿಕೊಳ್ಳಬೇಕೆಂಬುದೂ ನನ್ನ ಉದ್ದೇಶ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು ಹಿಂದೆ ಬೆಂಗಳೂರು ಜಿಲ್ಲೆಗೆ ಸೇರಿದ್ದವು. 2007ರಲ್ಲಿ ರಾಮನಗರ ಜಿಲ್ಲೆಯೆಂದು ಬೇರೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಹೆಸರು ಏನೇ ಆಗಲಿ, ಇದು ರೇಷ್ಮೆಯ ಸೀಮೆ. ಮಾಗಡಿಯ ಕಡೆಯವರು ಕುಣಿಗಲಿನವರಂತೆಯೇ ಮೈಸೂರು ತಳಿಯ ಬಿತ್ತನೆಗೂಡನ್ನು ಬೆಳೆಯುತ್ತ ಬಂದವರು. ಕನಕಪುರ ಚನ್ನಪಟ್ಟಣಗಳ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ತೋಟವಿಲ್ಲದ ಊರು ಅಪರೂಪ. ರಾಮನಗರದ ಗೂಡಿನ ಮಾರುಕಟ್ಟೆಯಾದರೋ ಏಷ್ಯಾಖಂಡದಲ್ಲಿಯೇ ಅತಿ ದೊಡ್ಡದೆಂದು ಹೆಸರಾದದ್ದು. ಅಲ್ಲಿಗೆ ನಮ್ಮ ಗೂಡು ಮಾತ್ರವೇ ಅಲ್ಲದೆ ಕೋಲಾರ, ಮಂಡ್ಯದ ಕಡೆಯಿಂದಲೂ ನೆರೆಯ ತಮಿಳುನಾಡು ಆಂಧ್ರಗಳಿಂದಲೂ ಗೂಡು ಬರುವುದುಂಟು. ಇಷ್ಟು ಕಡೆಯ ದಾರಿಗಳು ಕೂಡುವ ಸ್ಥಳವು ಲಾಭಕ್ಕೆ ಹೇಗೆ ಹೆಬ್ಬಾಗಿಲೋ ಹಾಗೆಯೇ ಅಪಾಯಕ್ಕೂ ಹೆಬ್ಬಾಗಿಲೆಂಬುದನ್ನು ಮರೆಯತಕ್ಕದ್ದಲ್ಲ.

ನಮ್ಮ ನಾಡಿನ ರೇಷ್ಮೆಗೂ ಬಂಗಾಳಕ್ಕೂ ಹಳೆಯ ನಂಟಿದೆ. ಹದಿನೆಂಟನೆಯ ಶತಮಾನದ ಕಡೆಯಲ್ಲಿ ಟಿಪ್ಪು ಸುಲ್ತಾನನು ಬಂಗಾಳದಿಂದ ರೇಷ್ಮೆಹುಳುಗಳನ್ನು ತರಿಸಿ ಮೈಸೂರು ಸಂಸ್ಥಾನದಲ್ಲಿ ಈ ಕಸುಬನ್ನು ಬೆಳೆಸಿದನು. ಅದೇ ಬಂಗಾಳದಲ್ಲಿ ರೇಷ್ಮೆಹುಳುವಿಗೆ ಜನ್ಮವೈರಿಯಾದ ಒಂದು ನೊಣವಿತ್ತು. ಅದೇ ಊಜಿ. ಹುಳುವು ಇಲ್ಲಿಗೆ ಬಂದು ಸುಮಾರು 200 ವರ್ಷಗಳಾದರೂ ಅದರ ವೈರಿಯು ಬರಲಿಲ್ಲ. ನಡುವಣ ದೂರವೇ ಬೇಲಿಯಾಗಿತ್ತು. ಆ ಬೇಲಿಯು 1980ರಲ್ಲಿ ಮುರಿಯಿತು. ಬಂಗಾಳದಿಂದ ತಂದ ಬಿತ್ತನೆಗೂಡುಗಳ ಒಡನೆ ಊಜಿಯು ಬೆಂಗಳೂರು ಜಿಲ್ಲೆಗೆ ಬಂದಿತು. ಕೆಲವೇ ವರ್ಷಗಳಲ್ಲಿ ಹುಳುಸಾಕುವ ತಾಲ್ಲೂಕುಗಳನ್ನೆಲ್ಲ ವ್ಯಾಪಿಸಿ ತಮಿಳುನಾಡು ಆಂಧ್ರಗಳಿಗೂ ದಾಟಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಊಜಿಯು ಮೊಟ್ಟೆಯ ಹಾಳೆಯೊಡನೆ ಪ್ರಯಾಣಮಾಡಲಾರದು. ಏಕೆಂದರೆ ಅದು ಮೊಟ್ಟೆಯಲ್ಲಿ ಇರುವುದಿಲ್ಲ, ಹುಳುವಿನ ಒಡಲಲ್ಲಿ ಇರುತ್ತದೆ. ಹುಳುವು ಗೂಡು ಕಟ್ಟಿದಾಗ ಆ ಗೂಡಿನೊಳಗೇ ಸೇರಿಕೊಳ್ಳುತ್ತದೆ. ಆದಕಾರಣ ಮೊಟ್ಟೆಯನ್ನು ಸಾಗಿಸುವುದು ಬೇರೆ, ಜೀವದ ಗೂಡನ್ನು ಸಾಗಿಸುವುದು ಬೇರೆ. ಯಾವುದನ್ನು ಯಾವ ಅವಸ್ಥೆಯಲ್ಲಿ ಸಾಗಿಸುತ್ತೇವೆಂಬ ವಿವೇಕವೊಂದು ಇದ್ದಿದ್ದರೆ ಈ ನೊಣವು ಇನ್ನೂ ಎಷ್ಟು ಕಾಲ ಅಲ್ಲಿಯೇ ಇರುತ್ತಿತ್ತೋ ಯಾರು ಬಲ್ಲರು?

ಈ ನೊಣದ ಸ್ವಭಾವವನ್ನು ಹುಳುಸಾಕುವವರಿಗೆ ನಾನು ಹೇಳಬೇಕಾದದ್ದಿಲ್ಲ. ಆದರೂ ಎಳೆಯರು ಇಲ್ಲಿ ಬಹುಮಂದಿ ಇರುವುದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ಊಜಿಯು ಮನೆಯ ನೊಣಕ್ಕಿಂತ ದೊಡ್ಡದು; ಬೂದುಗಪ್ಪು ಬಣ್ಣದ್ದು; ಬೆನ್ನಿನ ಮೇಲೆ 4 ಕಪ್ಪು ಗೆರೆಗಳುಂಟು. ಹೆಣ್ಣುನೊಣವು ತನ್ನ ಆಯುಷ್ಯದಲ್ಲಿ ನೂರಾರು ತತ್ತಿಗಳನ್ನು ಇಡುವುದು. ಒಂದು ಹುಳುವಿನ ಮೇಲೆ ಒಂದೋ ಎರಡೋ ತತ್ತಿಯನ್ನಿಟ್ಟು ಇನ್ನೊಂದು ಹುಳುವಿಗೆ ಹೋಗುವುದಾದ್ದರಿಂದ ಒಂದೇ ನೊಣವು ಹಲವು ತಟ್ಟೆಗಳನ್ನು ಕೆಡಿಸಬಲ್ಲದು. ತತ್ತಿಯು ಗುಂಡುಸೂಜಿಯ ತಲೆಗಿಂತ ದೊಡ್ಡದಲ್ಲ. 2–3 ದಿನಗಳಲ್ಲಿ ಒಡೆದು ಮರಿಯು ಹುಳುವಿನ ಚರ್ಮವನ್ನು ಕೊರೆದು ಒಳಹೊಗುವುದು. ಹೊಕ್ಕ ಜಾಗದಲ್ಲಿ ಕರಿಯ ಚುಕ್ಕೆಯೊಂದು ಉಳಿಯುವುದು. ಸುಮಾರು ಒಂದು ವಾರ ಅದು ಒಳಗೇ ತಿಂದು ಬೆಳೆದು ಹೊರಬೀಳುವಾಗ ಹುಳುವಿನ ಪ್ರಾಣವು ಹೋಗಿರುತ್ತದೆ. ನಾಲ್ಕನೆಯ ಜ್ವರದ ಮೇಲೆ ತಡವಾಗಿ ತತ್ತಿ ಬಿದ್ದಿದ್ದರೆ ಹುಳುವು ಹಣ್ಣಾಗಿ ಗೂಡನ್ನೇನೋ ಕಟ್ಟುವುದು. ಆದರೆ ಊಜಿಯ ಮರಿಯು ಆ ಗೂಡನ್ನು ತೂತುಮಾಡಿಕೊಂಡು ಹೊರಬರುವುದು. ತೂತುಗೂಡಿನಲ್ಲಿ ಎಳೆಯು ತುಂಡಾಗಿ ನೂಲು ಬಿಚ್ಚಲು ಬಾರದು. ಹೊರಬಂದ ಮರಿಯು ಕತ್ತಲೆಯನ್ನು ಹುಡುಕಿಕೊಂಡು ನೆಲದ ಬಿರುಕಿಗೋ ಮಣ್ಣಿಗೋ ಬಿದಿರಿನ ಹೆಣಿಗೆಯ ಸಂದಿಗೋ ಸೇರಿ, ಒಂದು ದಿನದೊಳಗಾಗಿ ಕೋಶವಾಗಿ, 10–12 ದಿನಗಳ ಮೇಲೆ ನೊಣವಾಗಿ ಏಳುವುದು. ಎಚ್ಚರವಿಲ್ಲದ ಮನೆಯಲ್ಲಿ ಬೆಳೆಯ ಹತ್ತನೆಯ ಒಂದು ಪಾಲು, ಕೆಲವೊಮ್ಮೆ ಐದನೆಯ ಒಂದು ಪಾಲು ಇದರ ಬಾಯಿಗೆ ಹೋಗುವುದುಂಟು.

ಇಂಥ ಪಿಡುಗನ್ನು ತಡೆಯುವ ಉಪಾಯಕ್ಕೆ ಲೋಕದಲ್ಲಿ ಕ್ವಾರಂಟೈನ್ ಎಂದು ಹೆಸರು. 1377ರಲ್ಲಿ ರಗೂಸಾ ಎಂಬ ರೇವುಪಟ್ಟಣದವರು ಮಹಾಮಾರಿಯ ಭಯದಿಂದ, ರೋಗದ ನಾಡಿನಿಂದ ಬಂದವರನ್ನು 30 ದಿನಗಳ ಕಾಲ ಊರ ಹೊರಗೆ ನಿಲ್ಲಿಸುವ ಕಟ್ಟಳೆಯನ್ನು ಮಾಡಿದರು. ಆ ಅವಧಿಯು ಆಮೇಲೆ 40 ದಿನಗಳಾಯಿತು. ಇಟಲಿಯವರ ಮಾತಿನಲ್ಲಿ 40ಕ್ಕೆ ಕ್ವಾರಂಟಾ ಎನ್ನುವುದರಿಂದ ಈ ಶಬ್ದವು ಹುಟ್ಟಿತು. ಶಬ್ದವು ಪರದೇಶದ್ದಾದರೂ ಆಚಾರವು ನಮಗೆ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಈ ಸೀಮೆಯ ಹಳ್ಳಿಗಳಲ್ಲಿ ಇಲಿ ಬಿದ್ದಿತೆಂದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಸಂಗತಿಯನ್ನು ನಮ್ಮ ಅಜ್ಜಂದಿರು ಹೇಳುತ್ತಿದ್ದರು. 2020ರ ಕೊರೋನಾ ಕಾಲದಲ್ಲಿಯಂತೂ ಈ ಮಾತು ಮಕ್ಕಳ ಬಾಯಲ್ಲಿಯೂ ಬಂದಿತು. ಹುಳುಮನೆಯ ವಿಷಯದಲ್ಲಿಯೂ ಹಿರಿಯರು ಕಟ್ಟುಪಾಡುಗಳನ್ನು ಇಟ್ಟಿದ್ದರು: ಪರರು ಒಳಗೆ ಬರಕೂಡದು, ಕೆರವನ್ನು ಹೊರಗೇ ಬಿಡಬೇಕು, ಕೈಕಾಲು ತೊಳೆದು ಸೊಪ್ಪು ಮುಟ್ಟಬೇಕು. ಇವುಗಳಲ್ಲಿ ಕೆಲವಕ್ಕೆ ದೃಷ್ಟಿದೋಷದ ಕಾರಣವನ್ನು ಹೇಳುತ್ತಿದ್ದರು. ಕಾರಣವು ತಪ್ಪಾಗಿದ್ದರೂ ಕಟ್ಟಳೆಯು ಸರಿಯಾಗಿತ್ತು.

ಸರಕಾರವೂ ಕಾಯಿದೆಗಳನ್ನು ಮಾಡದೆ ಇಲ್ಲ. 1914ರಲ್ಲಿಯೇ ಹಾನಿಕರ ಕೀಟಗಳ ಕಾಯಿದೆಯು ಹುಟ್ಟಿತು. ಪರದೇಶದ ಸಸ್ಯಗಳನ್ನು ರೇವಿನಲ್ಲಿಯೂ ವಿಮಾನನಿಲ್ದಾಣದಲ್ಲಿಯೂ ಪರೀಕ್ಷಿಸಲು 2003ರ ಆಜ್ಞೆಯಿದೆ. ದೇಶದೊಳಗೆ ಒಂದು ಪ್ರಾಂತದಿಂದ ಇನ್ನೊಂದಕ್ಕೆ ಸಾಗಿಸುವುದನ್ನು ತಡೆಯುವ ಕಟ್ಟಳೆಗಳೂ ಉಂಟು. ಡಾರ್ಜಿಲಿಂಗಿನ ಬೆಟ್ಟಗಳಲ್ಲಿ ಆಲೂಗಡ್ಡೆಗೆ ನರೂಲಿಯಂತೆ ಗಂಟುಬರುವ ಒಂದು ರೋಗವು ಕಂಡಾಗ, ಅಲ್ಲಿನ ಗಡ್ಡೆಯು ಹೊರಗೆ ಹೋಗಕೂಡದೆಂದು 1959ರಲ್ಲಿ ತಡೆಹಾಕಿದರು. ಆಲೂಗಡ್ಡೆಯ ರೋಗಕ್ಕೆ ಆ ಕಡೆಯಲ್ಲಿ ಬೇಲಿಯಾಯಿತು. ಗೂಡಿನೊಡನೆ ಬಂದ ನೊಣಕ್ಕೆ ಬೇಲಿಯಿಲ್ಲವಾಯಿತು. ನಮ್ಮಲ್ಲಿಯೂ 1959ರಿಂದ ರೇಷ್ಮೆಯ ಬಿತ್ತನೆಗೂ ಗೂಡಿನ ಮಾರಾಟಕ್ಕೂ ಕಾಯಿದೆಯಿದೆ. ಬಿತ್ತನೆಕೋಠಿಯಲ್ಲಿ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟುರೋಗವಿದ್ದರೆ ಆ ಮೊಟ್ಟೆಯನ್ನು ನಾಶಮಾಡುತ್ತಾರೆ. ಫ್ರಾನ್ಸಿನಲ್ಲಿ 1865ರಿಂದ ಈ ರೋಗವನ್ನು ಪರಿಶೀಲಿಸಿದ ಲೂಯಿ ಪಾಸ್ಚರನು ತೋರಿಸಿಕೊಟ್ಟ ಮಾರ್ಗವಿದು.

ಗಂಟುರೋಗವು ತಾಯಿಯಿಂದ ಮೊಟ್ಟೆಗೆ ಬರುವುದರಿಂದ ಅದನ್ನು ಬಿತ್ತನೆಕೋಠಿಯ ಬಾಗಿಲಲ್ಲಿಯೇ ತಡೆಯಬಹುದು. ಊಜಿಯು ಹಾಗಲ್ಲ. ಕೋಠಿಯಿಂದ ಪರಿಶುದ್ಧವಾದ ಮೊಟ್ಟೆಯನ್ನು ತಂದರೂ ಅದು ಕಿಟಕಿಯಿಂದ ಬರುವುದು. ಆದ್ದರಿಂದ ರಾಜ್ಯದ ಗಡಿಯಲ್ಲಿ ಬೇಲಿ ಮುರಿದ ಮೇಲೆ ಇನ್ನುಳಿದ ಗಡಿಯು ಒಂದೇ. ಅದು ಪ್ರತಿಯೊಬ್ಬನ ಹುಳುಮನೆಯ ಹೊಸ್ತಿಲು. ಅಲ್ಲಿ ಅಧಿಕಾರಿಯೂ ಇಲ್ಲ, ಕಾವಲುಗಾರನೂ ಇಲ್ಲ. ಇರುವವನು ಮನೆಯ ಯಜಮಾನನೊಬ್ಬನೇ. ಅವನ ಮನಸ್ಸಿನಲ್ಲಿರುವುದನ್ನು ಯಾವ ಕಾಯಿದೆಯೂ ಕಾಣಲಾರದು.

ಈಗ ನಾನು ಮೊದಲು ಸೂಚಿಸಿದ ಋಣದ ಸಂಗತಿಯನ್ನು ಹೇಳುತ್ತೇನೆ.

1982ನೆಯ ಇಸವಿ, ನಾನಾಗ 12 ವರ್ಷದ ಹುಡುಗ. ಕನಕಪುರದ ಕಡೆಯ ನಮ್ಮ ಹಳ್ಳಿಯಲ್ಲಿ ನಮ್ಮ ತೀರ್ಥರೂಪರು 200 ಮೊಟ್ಟೆ ಚಾಕಿ ಕಟ್ಟಿದ್ದರು. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಸೊಪ್ಪು ಹಾಕುವಾಗ ಹುಳುಗಳ ಮೈಮೇಲೆ ಕರಿಯ ಚುಕ್ಕೆಗಳನ್ನು ನಾನು ಕಂಡೆನು. “ಅಪ್ಪಾ, ಹುಳ ಮ್ಯಾಲೆ ಕರೀ ಚುಕ್ಕೆ ಐತೆ” ಎಂದೆನು. ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಸುಮ್ನಿರ್ಲಾ ಮಗ, ಯಾರ್ ಕೂಡ್ಲೂ ಅನ್ಬ್ಯಾಡ” ಎಂದರು. ಆ ಬೆಳೆಯ ಮೇಲೆ ಸಾಲವಿತ್ತು. ಊಜಿ ಬಿದ್ದ ಮನೆಯೆಂದು ಹೆಸರಾದರೆ ಗೂಡಿಗೆ ಬೆಲೆಯಿಲ್ಲ. ಮುಂದಿನ ಬೆಳೆಗೆ ಸೊಪ್ಪನ್ನೂ ಸಾಮಾನನ್ನೂ ಯಾರು ಕೊಟ್ಟಾರೆಂಬುದು ಅವರ ಭಯ.

ಹುಳು ಹಣ್ಣಾದಾಗ ನಮ್ಮಲ್ಲಿದ್ದ ಚಂದ್ರಂಕಿಗಳು ಸಾಲದೆ ಪಕ್ಕದ ಮನೆಯ ದೊಡ್ಡಮ್ಮನವರಿಂದ 6 ಚಂದ್ರಂಕಿಗಳನ್ನು ಎರವಲು ತಂದಿದ್ದೆವು. ಆಕೆ ವಿಧವೆ. ಮನೆಯ ಒಂದು ಅಂಕಣದಲ್ಲಿ 50 ಮೊಟ್ಟೆಯಷ್ಟು ಹುಳುವನ್ನು ಸಾಕಿಕೊಂಡು ಎರಡು ಮಕ್ಕಳನ್ನು ಸಲಹುತ್ತಿದ್ದರು. ಗೂಡು ಬಿಡಿಸಿದ ಸಂಜೆಯೇ ತೀರ್ಥರೂಪರು ಮಾರುಕಟ್ಟೆಗೆ ಹೊರಟರು. ತೂತುಗೂಡುಗಳನ್ನು ಆರಿಸಿ ಬಿಸುಟು, ತೂತಾಗದಿದ್ದುವನ್ನು ಒಂದೇ ಲಾಟಿನಲ್ಲಿ ಮಾರಿದರು. ಒಳಗೆ ಮರಿಯಿದ್ದ ಗೂಡುಗಳು ಕೊಂಡವನ ಮನೆಯಲ್ಲಿ ತೂತಾಗಿರಬೇಕು. ಮರುದಿನ ಆ 6 ಚಂದ್ರಂಕಿಗಳನ್ನು ಹೊತ್ತುಕೊಂಡು ಹೋಗಿ ಕೊಟ್ಟುಬಂದವನು ನಾನು. ಬಿದಿರಿನ ಹೆಣಿಗೆಯ ಸಂದಿಯಲ್ಲಿ ಕೆಂಗಪ್ಪಾದ ಕಾಳಿನಂಥ ವಸ್ತುಗಳು ಸಿಕ್ಕಿಕೊಂಡಿದ್ದುದನ್ನು ನಾನು ಕಂಡಿದ್ದೆನು. ಅವು ಏನೆಂದು ನನಗೆ ತಿಳಿದಿರಲಿಲ್ಲವೆಂದು ಹೇಳಿದರೆ ಅದು ಅರ್ಧಸತ್ಯ.

ದೊಡ್ಡಮ್ಮನವರ ಮುಂದಿನ ಬೆಳೆಯು ಹೋಯಿತು. ಸತ್ತ ಹುಳುಗಳನ್ನು ಅವರು ತಟ್ಟೆತಟ್ಟೆಯಾಗಿ ತಿಪ್ಪೆಗೆ ಸುರಿದರು. ತಿಪ್ಪೆಯ ಮಣ್ಣಿನಲ್ಲಿ ಊಜಿಯು ಇನ್ನಷ್ಟು ಕೋಶವಾಯಿತೆಂಬುದು ಆಗ ಯಾರಿಗೂ ಹೊಳೆಯಲಿಲ್ಲ. “ಯಾರ್ ಕಣ್ ಬಿತ್ತೋ ಕಣವ್ವಾ” ಎಂದು ನಮ್ಮ ಮಾತೃಶ್ರೀಯವರ ಮುಂದೆ ಅತ್ತು, ಬಾಗಿಲಿಗೆ ತಡೆ ಕಟ್ಟಿಸಿದರು. ನಮ್ಮ ಮನೆಯವರು ಒಬ್ಬರೂ ಬಾಯಿ ಬಿಡಲಿಲ್ಲ. ಆ ವರ್ಷ ಊರಿನಲ್ಲೆಲ್ಲ ಊಜಿಯಿತ್ತು. ನಮ್ಮ ಚಂದ್ರಂಕಿಯಿಂದಲೇ ಅಲ್ಲಿಗೆ ಹೋಯಿತೆಂದು ಯಾವ ನ್ಯಾಯಸ್ಥಾನದಲ್ಲಿಯೂ ಸಾಧಿಸುವುದಕ್ಕಾಗದು. ಆದರೆ ತೀರ್ಥರೂಪರು ಹುಳುಸಾಕಣೆಯನ್ನು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಒಂದು ಮಧ್ಯಾಹ್ನ ಜಗುಲಿಯಲ್ಲಿ ಕುಳಿತಿದ್ದವರು ತಾವಾಗಿಯೇ, “ಆ ಚಂದ್ರಂಕೀನ ಬಿಸ್ಲಿಗಾರ ಇಕ್ಕಿ ಕೊಡಬೈದಾಗಿತ್ತು” ಎಂದರು. ಯಾವ ಚಂದ್ರಂಕಿಯೆಂದು ನಾನು ಕೇಳಲಿಲ್ಲ. ಅವರೂ ಮುಂದುವರಿಸಲಿಲ್ಲ.

ನಮ್ಮ ತಂದೆಯವರು ದುಷ್ಟರಾಗಿರಲಿಲ್ಲ. ಹಸಿದವನಿಗೆ ಅನ್ನವಿಕ್ಕದೆ ತಾವು ಉಂಡವರಲ್ಲ. ಅಂಥವರ ಬಾಯನ್ನು ಕಟ್ಟಿದ್ದು ಯಾವುದು? ಒಂದು, ಸಾಲದ ಭಯ. ಇನ್ನೊಂದು, ನಾಚಿಕೆ. ಈ ಎರಡನ್ನು ಹೋಗಲಾಡಿಸದೆ ಎಷ್ಟು ಕಾಯಿದೆ ಮಾಡಿದರೂ, ಎಷ್ಟು ಔಷಧ ಹಂಚಿದರೂ, ನೊಣವು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಲೇ ಇರುವುದು. ಬಚ್ಚಿಟ್ಟ ಬೆಂಕಿಯು ಮೊದಲು ಸುಡುವುದು ನೆರೆಮನೆಯ ಸೂರನ್ನು.

ನಾಚಿಕೆಯ ವಿಷಯದಲ್ಲಿ ಈ ಮಠದ ಶಿಷ್ಯರಿಗೆ ನಾನು ಹೇಳಬೇಕಾದ ಮಾತೊಂದುಂಟು. ನಮ್ಮ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಅಲ್ಲಗಳೆದವರು. ಆ ಪರಂಪರೆಯವರು ಪಿಡುಗು ಬಿದ್ದ ಮನೆಗೆ ಆರನೆಯ ಸೂತಕವನ್ನು ಕಲ್ಪಿಸಕೂಡದು. ಕ್ವಾರಂಟೈನಿಗೂ ಮೈಲಿಗೆಗೂ ಅಜಗಜಾಂತರವುಂಟು. ಮೈಲಿಗೆಯು ಮನುಷ್ಯನನ್ನು ದೂಷಿಸುವುದು. ಕ್ವಾರಂಟೈನು ವಸ್ತುವಿನ ಸಂಚಾರವನ್ನು ಕೆಲವು ದಿನ ತಡೆಯುವುದು. ಕೋಶವು ನೊಣವಾಗಲು 10–12 ದಿನ ಬೇಕಾದ್ದರಿಂದ, ಆ ಮನೆಯ ಚಂದ್ರಂಕಿ ತಟ್ಟೆಗಳನ್ನು ಶುದ್ಧಿ ಮಾಡುವ ತನಕ ಹೊರಗೆ ಕೊಡತಕ್ಕದ್ದಲ್ಲ ಎಂದರೆ ಅದರಲ್ಲಿ ಆ ಮನೆಯವರ ನಿಂದೆಯಿಲ್ಲ. ಊಜಿ ಬಿದ್ದಿದೆಯೆಂದು ತಾನಾಗಿ ಬಂದು ಹೇಳಿದವನನ್ನು ಊರು ಹೊಗಳಬೇಕೇ ಹೊರತು ಅವನಿಂದ ದೂರ ಸರಿಯಬಾರದು.

ಆ ಕಡೆಯ ನೋವೂ ನಮಗೆ ತಿಳಿಯದ್ದೇನಲ್ಲ. 2014ರ ಮೇ ತಿಂಗಳಿನಿಂದ ಯೂರೋಪಿನ ಒಕ್ಕೂಟದವರು, ಹಣ್ಣಿನ ನೊಣವು ಕಂಡಿತೆಂಬ ಕಾರಣದಿಂದ, ಭಾರತದ ಮಾವಿನ ಹಣ್ಣನ್ನು ತಮ್ಮಲ್ಲಿಗೆ ತರಕೂಡದೆಂದು ನಿಲ್ಲಿಸಿದರು. ಮಾವಿನ ತೋಟಗಳಿರುವ ಈ ಸೀಮೆಯವರಿಗೆ ಆಗ ಆದ ಮುಖಭಂಗವನ್ನು ನೆನೆಯಿರಿ. ಹಣ್ಣನ್ನು ಸಂಸ್ಕರಿಸಿ ಪರೀಕ್ಷಿಸುವ ಏರ್ಪಾಡನ್ನು ಬಿಗಿಗೊಳಿಸಿದ ಮೇಲೆ 2015ರ ಜನವರಿಯಲ್ಲಿ ಆ ತಡೆಯನ್ನು ತೆಗೆದರು. ತಡೆಯೆಂಬುದು ಕೊನೆಯ ತೀರ್ಪಲ್ಲ. ಶುದ್ಧಿಯ ದಾರಿಯನ್ನು ತೋರಿಸಿದರೆ ಅದು ತೆರೆಯುವ ಬಾಗಿಲೇ ಆಗಿರುತ್ತದೆ.

ಇನ್ನು ಮಾಡತಕ್ಕದ್ದೇನು ಎಂಬುದನ್ನು ಹೇಳುತ್ತೇನೆ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾಲಯವೂ ತಲಘಟ್ಟಪುರದ ರಾಜ್ಯ ಸಂಸ್ಥೆಯೂ ವರ್ಷಗಟ್ಟಲೆ ದುಡಿದು ಈ ವಿದ್ಯೆಯನ್ನು ನಮ್ಮ ಮುಂದೆ ಇಟ್ಟಿವೆ. ಮೊದಲನೆಯದು, ಹುಳುಮನೆಯ ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ. ಬಾಗಿಲಿನ ಮುಂದೆ ಒಂದು ಸಣ್ಣ ಅಂಕಣವಿದ್ದು ಎರಡು ಬಾಗಿಲುಗಳು ಒಟ್ಟಿಗೆ ತೆರೆಯದಂತಿದ್ದರೆ, ಮನುಷ್ಯನ ಬೆನ್ನ ಹಿಂದೆ ನೊಣವು ನುಗ್ಗಲಾರದು. ಎರಡನೆಯದು, ನೆಲದಲ್ಲಿ ಬಿರುಕಿರಬಾರದು. ಗಾರೆಯ ನೆಲದ ಮೇಲೆ ಮರಿಗೆ ಅಡಗಲು ಜಾಗವಿಲ್ಲ. ಬೆಳಗಿನಲ್ಲಿ ಗುಡಿಸಿ ಸಾಬೂನಿನ ನೀರಿಗೆ ಹಾಕಿದರೆ ಅಲ್ಲಿಗೆ ಮುಗಿಯಿತು. ಮೂರನೆಯದು, ಮೂರನೆಯ ಹಂತದಿಂದ ಮುಂದೆ ಬೆಳಕಿನಲ್ಲಿ ಹುಳುವನ್ನು ನೋಡುವ ಅಭ್ಯಾಸ. ಬಿಳಿಯ ತತ್ತಿಯಿರುವಾಗಲೇ 100ಕ್ಕೆ 1ರ ಪ್ರಮಾಣದ ಬೆಂಜೋಯಿಕ್ ಆಮ್ಲದ ದ್ರಾವಣವನ್ನು ಸಿಂಪಡಿಸಿದರೆ ತತ್ತಿಯು ಸಾಯುವುದು; ಕರಿಯ ಚುಕ್ಕೆ ಬಿದ್ದ ಹುಳುವನ್ನು ಆರಿಸಿ ತೆಗೆಯಬೇಕು. ತೆಗೆದದ್ದನ್ನು ತಿಪ್ಪೆಗೆ ಸುರಿಯದೆ ಸುಡಬೇಕು. ನಾಲ್ಕನೆಯದು, ಎರವಲು ತಂದ ಚಂದ್ರಂಕಿಯನ್ನು ತೊಳೆದು, ಬಿಸಿಲಿಗಿಟ್ಟು, ಸಂದಿಯನ್ನೆಲ್ಲ ನೋಡಿ ಆಮೇಲೆ ಹಿಂದಕ್ಕೆ ಕೊಡುವುದು. ಇದನ್ನು ನಾನು ಯಾವ ಪುಸ್ತಕದಿಂದಲೂ ಹೇಳುತ್ತಿಲ್ಲವೆಂಬುದು ತಮಗೆ ಈಗಾಗಲೇ ಗೊತ್ತಾಗಿದೆ.

ಒಂಟಿ ಮನೆಯವರು ಮಾತ್ರ ಇಷ್ಟನ್ನೂ ಮಾಡಿ, ನೆರೆಯವರು ಮಾಡದಿದ್ದರೆ ಫಲ ಸಾಲದು. ಊರಿನಲ್ಲಿ ಒಬ್ಬನ ಹುಳು ಹಣ್ಣಾಗುವಾಗ ಇನ್ನೊಬ್ಬನ ಹುಳು ಎರಡನೆಯ ಜ್ವರದಲ್ಲಿದ್ದರೆ ಊಜಿಗೆ ವರ್ಷವಿಡೀ ಹಬ್ಬ. ಊರಿನವರು ಒಟ್ಟಿಗೆ ಚಾಕಿ ಕಟ್ಟಿ, ಒಟ್ಟಿಗೆ ಗೂಡು ಬಿಡಿಸಿ, ನಡುವೆ ಕೆಲವು ದಿನ ಬಿಡುವು ಕೊಟ್ಟರೆ ಏಳುವ ನೊಣಕ್ಕೆ ತತ್ತಿಯಿಡಲು ಹುಳುವೇ ದೊರೆಯುವುದಿಲ್ಲ. ಹಾಗೆಯೇ ಗೂಡನ್ನು ಕೊಂಡ ಬಿಚ್ಚಣಿಕೆಯವರೂ ತಡಮಾಡದೆ ಹಬೆಗಿಟ್ಟು, ಚೀಲದಿಂದ ಉದುರಿದ ಮರಿಗಳನ್ನು ಕೊಲ್ಲಬೇಕು. ಮಾರುಕಟ್ಟೆಯ ಅಂಗಳದಲ್ಲಿ ಬಿದ್ದ ಮರಿಯು ಯಾವ ಊರಿನ ಗೂಡಿನದೆಂದು ಕೇಳಿಕೊಂಡು ಹಾರುವುದಿಲ್ಲ.

ಬೇಲಿ ಮುರಿದ ಮೇಲೆ ಉಳಿಯುವ ಇನ್ನೊಂದು ಉಪಾಯವು ವೈರಿಗೆ ವೈರಿಯನ್ನು ಹೂಡುವುದು. ನೆಸೋಲಿಂಕ್ಸ್ ಥೈಮಸ್ ಎಂಬ ಸಣ್ಣ ಕೀಟವು ಊಜಿಯ ಕೋಶವನ್ನು ಹುಡುಕಿ ಅದರೊಳಗೆ ತನ್ನ ತತ್ತಿಯನ್ನಿಡುವುದು. 100 ಮೊಟ್ಟೆಯ ಬೆಳೆಗೆ 1 ಲಕ್ಷ ಕೀಟಗಳಂತೆ ಬಿಡಬೇಕೆಂದು ಬಲ್ಲವರು ಹೇಳುತ್ತಾರೆ. 2008ರಲ್ಲಿ ತಮಿಳುನಾಡಿನ ಕಡೆಯಲ್ಲಿ ಕಂಡು ಆಮೇಲೆ ನಮ್ಮ ಹಿಪ್ಪುನೇರಳೆಯನ್ನೂ ಮುತ್ತಿದ ಪಪ್ಪಾಯಿ ಹಿಟ್ಟುತಿಗಣೆಯ ಕಥೆಯೂ ಇಂಥದೇ. ಅದನ್ನು ಅಡಗಿಸಲು 2010ರಲ್ಲಿ ಪೋರ್ಟೋರಿಕೋ ದ್ವೀಪದಿಂದ ಅಸಿರೋಫೇಗಸ್ ಪಪಾಯೇ ಮೊದಲಾದ ಮೂರು ಬಗೆಯ ಪರೋಪಜೀವಿಗಳನ್ನು ಬೆಂಗಳೂರಿಗೆ ತರಿಸಿದರು. ಆ ಉಪಕಾರಿ ಕೀಟಗಳನ್ನು ಕೂಡ ಬಂದ ದಿನವೇ ಹೊಲಕ್ಕೆ ಬಿಡಲಿಲ್ಲ. ಮುಚ್ಚಿದ ಕೋಣೆಯಲ್ಲಿ ಸಾಕಿ, ಬೇರೆ ಯಾವುದಕ್ಕೂ ಕೇಡಿಲ್ಲವೆಂದು ಪರೀಕ್ಷಿಸಿದ ಮೇಲೆ ಬಿಟ್ಟರು, ತಿಗಣೆಯು ಅಡಗಿತು. ಮಿತ್ರನನ್ನೂ ಹೊಸ್ತಿಲಲ್ಲಿ ನಿಲ್ಲಿಸಿ ವಿಚಾರಿಸುವುದು ಅವಮಾನವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಕೇ?

ನೊಣವನ್ನು ಕೊಲ್ಲಿರೆಂದು ಮಠದಲ್ಲಿ ಕುಳಿತು ಹೇಳುವುದು ತರವೇ ಎಂದು ಹಿರಿಯ ಶರಣರೊಬ್ಬರು ನಿನ್ನೆ ನನ್ನನ್ನು ಕೇಳಿದರು. ಪ್ರಶ್ನೆಯು ಯೋಗ್ಯವಾದುದೇ. ಗೂಡನ್ನು ಹಬೆಗಿಡುವ ಕಸುಬಿನಲ್ಲಿ ಹಿಂಸೆಯಿಲ್ಲವೆಂದು ನಾನು ಹೇಳಲಾರೆ. ರೇಷ್ಮೆಯನ್ನುಡುವವರೂ ಅದನ್ನು ಮರೆಯಬಾರದು. ಆದರೆ ಹತ್ತು ಮರಿಗಳನ್ನು ಇಂದು ಕೊಲ್ಲಲು ಹೇಸಿ, ನಾಳೆ ನೆರೆಯವಳ ಮನೆಯ ಸಾವಿರ ಹುಳುಗಳೂ ಅವಳ ಮಕ್ಕಳ ಅನ್ನವೂ ಹೋಗುವುದನ್ನು ನೋಡುತ್ತಿರುವುದು ದಯೆಯಲ್ಲ. ನಮ್ಮ ಮನೆಯಲ್ಲಿ ನಡೆದದ್ದು ಅದೇ.

ಕಡೆಯದಾಗಿ ಸಾಲದ ಭಯದ ಮಾತು. ಬೆಳೆ ತಡೆದವನ ನಷ್ಟವನ್ನು ಅವನೊಬ್ಬನೇ ಹೊರಬೇಕೆಂದರೆ ಅವನು ಬಚ್ಚಿಡುತ್ತಾನೆ. ಇದು ಮನುಷ್ಯಸ್ವಭಾವ. ಅವನು ತಡೆದು ನಿಂತದ್ದರಿಂದ ಊರು ಉಳಿಯಿತು. ಆದ್ದರಿಂದ ಊರು ಅವನ ನಷ್ಟದಲ್ಲಿ ಪಾಲುಗೊಳ್ಳುವುದು ಧರ್ಮ. ಸರಕಾರದ ನೆರವನ್ನು ಕೇಳುವುದು ನ್ಯಾಯವೇ. ಅದು ಬರುವವರೆಗೆ ಸುಮ್ಮನಿರಬೇಕಾಗಿಲ್ಲ. ಊಜಿಯೆಂದು ಒಪ್ಪಿಕೊಂಡವನ ಹುಳುಮನೆಯನ್ನು ನಾಲ್ಕು ಜನ ಸೇರಿ ಒಂದು ದಿನ ಶುದ್ಧಿಮಾಡಿಕೊಡಿರಿ. ಮುಂದಿನ ಬೆಳೆಗೆ ಒಂದೊಂದು ಹೊರೆ ಸೊಪ್ಪನ್ನು ಕೊಡಿರಿ. ಪರದೆ ಕೊಳ್ಳಲಾರದ ಮನೆಗೆ ಪರದೆಯನ್ನು ಕೊಡಿಸಿರಿ. ಸಾಲ ಕೊಟ್ಟವರು ಒಂದು ಬೆಳೆಯ ಮಟ್ಟಿಗೆ ತಾಳಿಕೊಳ್ಳಿರಿ. ದಾಸೋಹವೆಂಬುದು ಪಂಕ್ತಿಯಲ್ಲಿ ಕುಳಿತು ಉಣ್ಣುವಾಗ ಮಾತ್ರ ನಡೆಯತಕ್ಕದ್ದಲ್ಲ. ನೆರೆಮನೆಯ ನಷ್ಟದಲ್ಲಿ ಪಾಲುಗೊಳ್ಳುವುದೂ ದಾಸೋಹವೇ.

ದೊಡ್ಡಮ್ಮನವರು ಈಗ ಇಲ್ಲ. ನಮ್ಮ ತೀರ್ಥರೂಪರೂ ಇಲ್ಲ. ಆಕೆಯ ಮನೆಯವರು ಈ ಸಭೆಯಲ್ಲಿದ್ದರೆ ಅವರು ಕ್ಷಮಿಸಬೇಕೆಂದು ಕೈಮುಗಿದು ಕೇಳುತ್ತೇನೆ. ತಾವೆಲ್ಲರೂ ಮನೆಗೆ ಹೋದ ಮೇಲೆ ಒಮ್ಮೆ ತಮ್ಮ ಅಟ್ಟವನ್ನು ನೋಡಿ, ನೆರೆಯವರಿಂದ ತಂದ ಚಂದ್ರಂಕಿಯೋ ತಟ್ಟೆಯೋ ಅಲ್ಲಿ ಉಳಿದಿದ್ದರೆ ಬಿಸಿಲಿಗೆ ಹಾಕಿರಿ. ಸಂದಿಯಲ್ಲಿ ಏನಾದರೂ ಕಂಡರೆ ಮೊದಲು ಅದನ್ನು ನೆರೆಯವರಿಗೆ ಹೇಳಿರಿ; ಆಮೇಲೆ ಸಾಮಾನನ್ನು ಹಿಂದಿರುಗಿಸಿರಿ.